ನೀರಿನ ಪಾಲು, ಕಣ್ಣಿನ ಪಾಲು

ಬಂದದ್ದು ಒಂಬತ್ತು. ನಮ್ಮ ಮನೆಯವರು ಈಗ ಸಿಕ್ಕಿದವರಿಗೆಲ್ಲ ಮೂವತ್ತು ಎನ್ನುತ್ತಾರೆ, ಕೇಳುವವರು ಬಾಯಿ ಬಿಟ್ಟು ಕೂತರೆ ನಲವತ್ತೂ ಆಗುತ್ತದೆ. ಅವರಿಗೆ ಕಂಡದ್ದು ಒಂದು, ಅದೂ ಅರ್ಧ. ಉಳಿದದ್ದನ್ನು ಅವರು ನೋಡಿದ್ದು ನನ್ನ ಬೆರಳಿನಲ್ಲಿ. ನಡೆದದ್ದು ಇಷ್ಟೆ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳು. ಆದರೆ ಇಷ್ಟಕ್ಕೇ ನಿಲ್ಲಿಸಿದರೂ ಸರಿಯಾಗುವುದಿಲ್ಲ, ಯಾಕೆಂದರೆ ಅಂಥದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ನಾವಿರುವುದು ದುಬೈಯ ಅಲ್ ನಹ್ದಾದಲ್ಲಿ, ಮಗಳ ಫ್ಲ್ಯಾಟಿನಲ್ಲಿ. ಪರದೆ ಸರಿಸಿದರೆ ಎದುರು ಕಟ್ಟಡದವರ ಟಿವಿಯಲ್ಲಿ ಏನು ಓಡುತ್ತಿದೆ ಎಂದು ಕಾಣುತ್ತದೆ. ನನಗೆ ಕಾಣುತ್ತದೆ. ಇವರಿಗೆ ಆ ಕಟ್ಟಡವೇ ಸರಿಯಾಗಿ ಕಾಣುವುದಿಲ್ಲ. ಬಲಗಣ್ಣು ಊರಿನಲ್ಲಿದ್ದಾಗಲೇ ಹೋಯಿತು. ಎಡಗಣ್ಣಿನಲ್ಲಿ ಬಿದಿರಿನ ಅಂಡೆಯೊಳಗಿಂದ ನೋಡಿದ ಹಾಗೆ ನೇರ ಮುಂದಿರುವುದು ಸ್ವಲ್ಪ ಕಾಣುತ್ತದೆ, ಬದಿಯದ್ದು ಕಾಣುವುದಿಲ್ಲ. ಬೆಳಕು ಇಳಿದರೆ ಅದೂ ಇಲ್ಲ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಒಳ್ಳೆಯ ಡಾಕ್ಟರಿಗೆ ತೋರಿಸಿದಳು. ಆಪರೇಷನ್ ಮಾಡದಿದ್ದರೆ ಈ ಕಣ್ಣೂ ಹೋಗುವುದು ಖಂಡಿತ, ಮಾಡಿದರೆ ಇದ್ದಷ್ಟು ಉಳಿಯಬಹುದು, ಆದರೆ ಗ್ಯಾರಂಟಿ ಕೊಡಲು ಆಗುವುದಿಲ್ಲ ಎಂದರು ಡಾಕ್ಟರು. ಇವರು ಬೇಡ ಎಂದುಬಿಟ್ಟರು.

"ಎಂತಕ್ಕೆ ಬೇಡ ಅಪ್ಪಾ?" ಎಂದಳು ಮಗಳು.

"ಉಳಿದದ್ದು ಒಂದು. ಅದನ್ನೂ ಕತ್ತಿಗೆ ಕೊಡುದಾ?"

"ಕತ್ತಿ ಅಲ್ಲ. ಸೂಜಿಯಷ್ಟು ಸಣ್ಣ ಸಾಮಾನು."

"ಸೂಜಿಯಾದ್ರೆ ಚುಚ್ಚುದಿಲ್ವಾ?"

ಹೀಗೇ ಕೆಲವು ವಾರ ಹೋಯಿತು. ಮಗಳು ಅತ್ತಳು, ಬೈದಳು, ಊಟ ಬಿಟ್ಟಳು. ನಾನು ಅತ್ತೂ ಇಲ್ಲ, ಊಟ ಬಿಟ್ಟೂ ಇಲ್ಲ. ಐವತ್ತು ವರ್ಷ ಜತೆಗಿದ್ದವಳಿಗೆ ಈ ಮನುಷ್ಯ ಒಂದು ಕರಾರು ಹಾಕದೆ ಒಪ್ಪುವವರಲ್ಲ ಎಂದು ಗೊತ್ತು. ಕೊನೆಗೆ ಒಂದು ಬೆಳಿಗ್ಗೆ ಚಾ ಕುಡಿಯುತ್ತಾ ಆ ಕರಾರು ಹೊರಗೆ ಬಂತು.

"ಒಂದು ಸಲ ಮರಸು ಕೂರಬೇಕು. ಕೊಂಬಿನ ಪ್ರಾಣಿ ಒಂದು ನೀರಿಗೆ ಬರುದನ್ನು ಈ ಕಣ್ಣಿನಲ್ಲಿ ನೋಡಬೇಕು. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ."

"ಝೂ ಉಂಟಲ್ಲ ಅಪ್ಪಾ, ನಾಳೆಯೇ ಹೋಗುವ," ಎಂದಳು ಮಗಳು, ಕೂಡಲೇ.

"ಝೂವಿನಲ್ಲಿ ಪ್ರಾಣಿ ಬರುದಿಲ್ಲ ಮಗಾ. ಇರುದು."

ಮರಸು ಎಂದರೆ ಏನೆಂದು ಹೇಳಬೇಕು. ನಮ್ಮ ಮನೆ ಘಟ್ಟದ ಬುಡದಲ್ಲಿ. ಇವರು ಘಟ್ಟದ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಲಾರಿ ಓಡಿಸುತ್ತಿದ್ದರು. ಬೇಸಿಗೆಯಲ್ಲಿ ಹಳ್ಳ ಬತ್ತಿ ಒಂದೆರಡು ಗುಂಡಿಯಲ್ಲಿ ಮಾತ್ರ ನೀರು ಉಳಿದಾಗ, ಹತ್ತಿರದ ಮರದ ಮೇಲೆ ನಾಲ್ಕು ಕೋಲು ಕಟ್ಟಿ, ಸೊಪ್ಪು ಮುಚ್ಚಿ, ನೀರಿಗೆ ಬರುವ ಪ್ರಾಣಿಗಾಗಿ ಅಲ್ಲಿಯವರು ಕೋವಿ ಹಿಡಿದು ಕಾಯುತ್ತಿದ್ದರು. ಘಟ್ಟದ ಮೇಲಿನವರು ಅದಕ್ಕೆ ಮರಸು ಕೂರುವುದು ಎನ್ನುತ್ತಾರೆ. ಅವರು ಕಾಯುತ್ತಿದ್ದದ್ದು ಕಡವೆಗೆ. ಎಸ್ಟೇಟಿನ ಮ್ಯಾನೇಜರು ಅದನ್ನು ಎಲ್ಕ್ ಎಂದು ಕರೆಯುತ್ತಿದ್ದರಂತೆ. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಎಲ್ಕ್ ತೋರಿಸಿದಳು, ಅದು ಯಾವುದೋ ಹಿಮದ ದೇಶದ ಪ್ರಾಣಿ. "ನೋ ಅಜ್ಜಾ, ದಿಸ್ ಈಸ್ ಎಲ್ಕ್," ಎಂದು ಅವಳು, "ನಿನ್ನ ಫೋನಿಗೆ ಎಂತ ಗೊತ್ತುಂಟು?" ಎಂದು ಇವರು.

ಕೋವಿ ಮ್ಯಾನೇಜರದ್ದು, ಲೈಸೆನ್ಸೂ ಅವರದ್ದೇ. ಆದರೆ ಅವರ ಕನ್ನಡಕ ಬಾಟಲಿಯ ತಳದಷ್ಟು ದಪ್ಪ. ಅದಕ್ಕೆ ಮರದ ಮೇಲೆ ಅವರ ಪಕ್ಕದಲ್ಲಿ ನಮ್ಮವರು ಕೂರುತ್ತಿದ್ದರು. ಇವರು ಕೋವಿ ಮುಟ್ಟಿದವರೇ ಅಲ್ಲ. ಇವರ ಕೆಲಸ ನೋಡುವುದು. ಮೇಲೆ ಮಾತಿಲ್ಲ, ಪಿಸುಮಾತೂ ಇಲ್ಲ, ಎಲ್ಲ ಬೆರಳಿನಲ್ಲೇ. ಒಂದು ಬೆರಳಿನಿಂದ ಮ್ಯಾನೇಜರ ಮೊಣಕಾಲು ಒತ್ತಿದರೆ ಏನೋ ಬರುತ್ತಿದೆ. ಬೆರಳು ಯಾವ ಕಡೆಗೆ ಜಾರಿತೋ ಪ್ರಾಣಿ ಆ ಕಡೆ. ಎರಡು ಬೆರಳು ಎಂದರೆ ಕೊಂಬು ಉಂಟು. ಅಂಗೈ ಪೂರ್ತಿ ಇಟ್ಟರೆ ತಾಯಿ, ಜತೆಗೆ ಮರಿ, ಕೋವಿ ಇಳಿಸು. ಊರಿನಲ್ಲಿ ಇವರನ್ನು ಲಾರಿ ಡ್ರೈವರ್ ಎಂದವರಿಲ್ಲ. ಮ್ಯಾನೇಜರ ಕಣ್ಣು ಎಂದೇ ಕರೆಯುತ್ತಿದ್ದರು.

ಬೇಟೆ ಬಿದ್ದರೆ ಪಾಲು. ಕೋವಿಯ ಪಾಲು ದೊಡ್ಡದು. ನೀರಿನ ಗುಂಡಿ ಯಾರ ಜಾಗದಲ್ಲಿತ್ತೋ ಅವರಿಗೆ ನೀರಿನ ಪಾಲು. ಮುಂಗಾಲಿನ ಮೇಲಿನ ಹೆಗಲಿನ ಮಾಂಸ ಕಣ್ಣಿನ ಪಾಲು, ಅದು ತೇಗದ ಎಲೆಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಇದೆಲ್ಲ ಕಾನೂನಿಗೆ ಸರಿಯಾಗಿತ್ತೇ ಎಂದರೆ, ಇರಲಿಲ್ಲ. ಆಮೇಲೆ ಕಾನೂನು ಬಿಗಿಯಾಯಿತು, ಮ್ಯಾನೇಜರು ಕೋವಿಯನ್ನು ಠಾಣೆಗೆ ಒಪ್ಪಿಸಿದರು, ಖಲಾಸ್. ನಾನಂತೂ ಕಡವೆಯನ್ನು ಕಂಡದ್ದು ತುಂಡಾಗಿ ಮಾತ್ರ. ಹೆಂಗಸರು ಮರಸು ಹತ್ತುವ ಕ್ರಮವಿಲ್ಲ. ಅದು ನೀರಿಗೆ ಹೇಗೆ ಬಂತು, ಹೇಗೆ ತಲೆ ಎತ್ತಿತು ಎಂದು ಇವರು ಹೇಳುತ್ತಿದ್ದರು, ನಾನು ಮೆಣಸು ಅರೆಯುತ್ತಾ ಹೂಂಗುಟ್ಟುತ್ತಿದ್ದೆ. ಅರ್ಧ ಬಡಾಯಿ ಎಂದೇ ಎಣಿಸಿದ್ದೆ.

ಜಾಗ ಹುಡುಕಿ ತಂದವನು ಅಳಿಯ. ಅವನ ಕೆಲಸ ಅಬುಧಾಬಿಯ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ. ವಾರವಿಡೀ ಅಲ್ಲೇ ಕಂಪನಿಯ ರೂಮಿನಲ್ಲಿದ್ದು ರಜೆಗೆ ದುಬೈಗೆ ಬರುತ್ತಾನೆ. ಆ ವರ್ಕ್‌ಶಾಪಿಗೆ ನೀರಿನ ಟ್ಯಾಂಕರ್ ತರುವ ಒಬ್ಬ ಡ್ರೈವರ್ ವಿಟ್ಲದ ಕಡೆಯ ಬ್ಯಾರಿ. ಮರುಭೂಮಿಯೊಳಗೆ ಒಬ್ಬ ಅರಬನದ್ದು ಬೇಲಿ ಹಾಕಿದ ದೊಡ್ಡ ಜಾಗ, ಅದರಲ್ಲಿ ಪ್ರಾಣಿ ಬಿಟ್ಟಿದ್ದಾರೆ, ಅವುಗಳ ತೊಟ್ಟಿಗೆ ಸಂಜೆ ನೀರು ಹಾಕುವುದು ಇವನ ಪಾಳಿ. ಓರಿಕ್ಸ್ ಎನ್ನುತ್ತಾರಲ್ಲ, ಈ ದೇಶದವರು ಮಹಾ ಎನ್ನುವುದು, ಅದು. ತೊಟ್ಟಿಯ ಹತ್ತಿರ ಹಳೆಯ ಟ್ಯಾಂಕಿಯೊಂದರ ಕಬ್ಬಿಣದ ಸ್ಟ್ಯಾಂಡು ಹಾಗೇ ನಿಂತಿದೆ, ಟ್ಯಾಂಕಿ ತೆಗೆದಾಗಿದೆ, ಹತ್ತಲು ಏಣಿಯೂ ಇದೆ ಎಂದು ಅವನೇ ಹೇಳಿದನಂತೆ. ಅಲ್ಲಿನ ಮೇಸ್ತ್ರಿಯ ಹತ್ತಿರ ಕೇಳಿ ಒಪ್ಪಿಗೆಯನ್ನೂ ತಂದ. ಬೇಟೆ ಇಲ್ಲ, ನೋಡುವುದು ಮಾತ್ರ. ಇಲ್ಲಿ ಪ್ರಾಣಿಗೆ ಕಲ್ಲು ಹೊಡೆದರೂ ಜೈಲೇ.

ಹೋಗುವ ಹಿಂದಿನ ದಿನ ಇವರು ಮನೆಯಲ್ಲಿ ಕಾಯಿದೆ ಜಾರಿ ಮಾಡಿದರು. ಸಾಬೂನು ಬೇಡ, ತಲೆಗೆ ಎಣ್ಣೆ ಬೇಡ, ಹೂವು ಬೇಡ, ಬಿಳಿ ಬಟ್ಟೆ ಬೇಡ. ಅಳಿಯ ಸೆಂಟ್ ಹಾಕುವ ಮನುಷ್ಯ, ಅವನ ಬಾಟಲಿಗಳನ್ನೆಲ್ಲ ಮಗಳು ಕಪಾಟಿನೊಳಗಿಟ್ಟು ಬೀಗ ಹಾಕಿದಳು.

"ಅತ್ತೆ, ಸ್ನಾನವೇ ಮಾಡದಿದ್ರೆ ಪ್ರಾಣಿ ಇನ್ನೂ ಬೇಗ ಬರ್ತದಾ?" ಎಂದು ಕೇಳಿದ ಅಳಿಯ.

"ನಿಮ್ಮ ಪರಿಮಳಕ್ಕೆ ಒಂಟೆ ಸಹ ಊರು ಬಿಡ್ತದೆ. ಸುಮ್ಮನೆ ಹೇಳಿದ್ದು ಕೇಳಿ," ಎಂದೆ.

ಎಲ್ಲಕ್ಕಿಂತ ದೊಡ್ಡ ಕಾಯಿದೆ ಟ್ಯಾಂಕರಿನವನಿಗೆ. ಇವರೇ ಫೋನು ಮಾಡಿ ಹೇಳಿದರು: "ನಾವು ಹೇಳುವವರೆಗೆ ನಿನ್ನ ಲಾರಿಯನ್ನು ಆ ದಿಕ್ಕಿಗೆ ತರಬೇಡ ಮಾರಾಯ. ಇಂಜಿನ್ ಸದ್ದು ಕೇಳಿದ್ರೆ ಕೆಟ್ಟಿತು." ಆ ಕಡೆಯಿಂದ ಅವನು "ಆಯ್ತು ಅಜ್ಜೇರೆ, ನಿಮ್ಮ ಇಷ್ಟ" ಎಂದದ್ದು ನನಗೂ ಕೇಳಿಸಿತು. ಅದು ಸರಿಯೇ ಎಂದು ನನಗೂ ಅನಿಸಿತ್ತು. ಸದ್ದಾದ ದಿನ ತೇಗದ ಎಲೆ ಖಾಲಿ ಬರುತ್ತಿದ್ದದ್ದು ನನಗೆ ಗೊತ್ತಿಲ್ಲವೇ?

ಮೊಮ್ಮಗಳು ಗೆಳತಿಯ ಬರ್ತ್‌ಡೇಗೆ ಹೋದಳು. ನಾವು ನಾಲ್ವರು ಮಗಳ ಕಾರಿನಲ್ಲಿ ಮಧ್ಯಾಹ್ನವೇ ಹೊರಟೆವು. ಅಬುಧಾಬಿಯನ್ನು ಬದಿಗೆ ಬಿಟ್ಟು ಒಳದಾರಿ ಹಿಡಿದ ಮೇಲೆ ಕಟ್ಟಡ ಮುಗಿಯಿತು, ಆಮೇಲೆ ಕರೆಂಟಿನ ಕಂಬವೂ ಮುಗಿಯಿತು, ಆಮೇಲೆ ಮರಳು ಒಂದೇ. ನಾನು ಮರಳು ನೋಡಿದ್ದು ಹೊಳೆಯ ಬದಿಯಲ್ಲಿ, ಕಡಲಿನ ಬದಿಯಲ್ಲಿ. ನೀರಿಲ್ಲದ ಮರಳು ಇಷ್ಟಿರುತ್ತದೆ ಎಂದು ತಿಳಿದಿರಲಿಲ್ಲ. ಗುಡ್ಡ ಗುಡ್ಡವಾಗಿ, ಒಂದರ ಬೆನ್ನಿಗೆ ಒಂದು, ಎಲ್ಲವೂ ಗಾಳಿ ಕಟ್ಟಿದ್ದು. ನಾಳೆ ಗಾಳಿಗೆ ಮನಸ್ಸು ಬಂದರೆ ಇದನ್ನೆಲ್ಲ ತೆಗೆದು ಆಚೆ ಇಡುತ್ತದಂತೆ.

ಜಾಗ ತಲುಪಿದೆವು. ತಗ್ಗಿನಲ್ಲಿ ಸಿಮೆಂಟಿನ ಉದ್ದ ತೊಟ್ಟಿ, ಅದರ ಈಚೆಗೆ ಆ ಕಬ್ಬಿಣದ ಸ್ಟ್ಯಾಂಡು, ಎತ್ತರ ಒಂದು ಆಳಿಗಿಂತ ಸ್ವಲ್ಪ ಹೆಚ್ಚು. ಯಾರೋ ಅದರ ಮೇಲೆ ಹಲಗೆ ಹಾಸಿ ಖರ್ಜೂರದ ಗರಿಯ ಚಪ್ಪರ ಮಾಡಿದ್ದರು. ಆಚೆಗೆ ಒಂದೇ ಒಂದು ಮರ. ಇಲ್ಲಿಯವರು ಗಾಫ್ ಎನ್ನುತ್ತಾರೆ, ಎಲೆ ನೋಡಿದರೆ ನಮ್ಮ ಬನ್ನಿಯೇ.

ಇವರ ಜತೆ ಮೇಲೆ ಕೂರುವುದು ಅಳಿಯ ಎಂದು ಮಾತಾಗಿತ್ತು. ಅವನಿಗೆ ಹಿಂದಿನ ದಿನದಿಂದ ಶೀತ. ಏಣಿಯ ಬುಡದಲ್ಲೇ ಒಂದು ಸೀನು ಸೀನಿದ, ಮರದಲ್ಲಿದ್ದ ಹಕ್ಕಿಯೆಲ್ಲ ಹಾರಿಹೋಯಿತು.

"ಅಳಿಯ ಬೇಡ," ಎಂದರು ನಮ್ಮವರು.

"ಹಾಗಾದ್ರೆ ನಾನು ಹತ್ತುದು," ಎಂದೆ.

"ಹೆಂಗಸರು ಮರಸಿಗೆ ಹತ್ತುವ ಕ್ರಮ ಇಲ್ಲ."

"ಹೌದಾ? ಮತ್ತೆ ನೀವು ಒಬ್ಬರೇ ಕೂತು ಎಂತ ನೋಡುದು, ಹೊಗೆಯಾ?"

ಮಗಳು "ಅಮ್ಮಾ!" ಎಂದಳು. ಇವರು ಏಣಿಯ ಬದಿಗೆ ಸರಿದರು. ಮತ್ತೆ ಹೇಳಿದರು: "ಹತ್ತು. ಬಾಯಿ ಮಾತ್ರ ಕೆಳಗೆ ಬಿಟ್ಟು ಹತ್ತು."

ಮಗಳು ಅಳಿಯ ಕಾರನ್ನು ಮರಳ ಗುಡ್ಡದ ಆಚೆಗೆ ತೆಗೆದುಕೊಂಡು ಹೋದರು. ನಾವಿಬ್ಬರು ಮೇಲೆ. ಇವರು ನನ್ನ ಕೈ ಹಿಡಿದು ತಮ್ಮ ಮೊಣಕಾಲಿನ ಮೇಲಿಟ್ಟು, ಬೆರಳು ಬೆರಳು ಒತ್ತಿ ಆ ಭಾಷೆಯನ್ನೆಲ್ಲ ಕಲಿಸಿದರು. ಒಂದು ಬೆರಳು, ಎರಡು ಬೆರಳು, ಅಂಗೈ. "ಇಲ್ಲಿ ಹೆಣ್ಣಿಗೂ ಕೊಂಬು ಉಂಟಂತೆ, ಎರಡು ಬೆರಳಿಗೆ ಅರ್ಥವೇ ಇಲ್ಲ," ಎಂದೆ. "ಮಾತು ಬೇಡ," ಎಂದರು. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತ ಮೇಲೆ ಗೊತ್ತಾಯಿತು, ಅಷ್ಟು ದೊಡ್ಡ ಜಾಗದಲ್ಲಿ ಸದ್ದೇ ಇಲ್ಲ. ನಮ್ಮ ಕಡೆ ಕಾಡು ಸುಮ್ಮನಿದೆ ಎಂದರೂ ಒಂದು ಜೀರುಂಡೆ, ಒಂದು ಒಣಗಿದ ಎಲೆ, ಎಲ್ಲೋ ನೀರು ಏನಾದರೂ ಇರುತ್ತದೆ. ಇಲ್ಲಿ ಏನೂ ಇಲ್ಲ. ಗಾಳಿ ಬಂದರೆ ಮರಳಿನ ಮೇಲೆ ಸೀರೆ ಎಳೆದ ಹಾಗೆ ಒಂದು ಸಪ್ಪಳ, ಅದು ನಿಂತರೆ ನನ್ನ ಎದೆಯದ್ದೇ ಸದ್ದು. ಚಳಿಗಾಲದ ಬಿಸಿಲು, ಸುಡುವುದಿಲ್ಲ. ಗಾಳಿ ಮರಳಿನಲ್ಲಿ ಗೆರೆ ಗೆರೆ ಬರೆದಿತ್ತು, ಅಕ್ಕಿ ಹಿಟ್ಟಿನ ಮೇಲೆ ಬೆರಳಾಡಿಸಿದ ಹಾಗೆ, ಕಣ್ಣಿಗೆ ಎಟಕುವವರೆಗೂ ಹಾಗೆಯೇ. ಇದನ್ನು ಯಾರು ನೋಡಲಿ ಎಂದು ಬರೆಯುವುದು? ಇಗರ್ಜಿ, ದೇವಸ್ಥಾನ, ಮಸೀದಿ ಎಲ್ಲದರ ಎದುರೂ ನಾನು ಹಾದು ಹೋದವಳೇ, ಎಲ್ಲೂ ಕುತ್ತಿಗೆ ತಾನಾಗಿ ಬಗ್ಗಿದ್ದಿಲ್ಲ. ಅಲ್ಲಿ ಆ ಹಲಗೆಯ ಮೇಲೆ ಬಗ್ಗಿತು.

ಆದರೆ ಪ್ರಾಣಿ ಬರಲಿಲ್ಲ.

ಒಂದು ಹಕ್ಕಿ ಬಂದು ತೊಟ್ಟಿಯ ಅಂಚಿನಲ್ಲಿ ಕೂತು ಒಳಗೆ ಬಗ್ಗಿ ನೋಡಿ ಹೋಯಿತು. ತಳದಲ್ಲಿ ಅಂಗೈಯಷ್ಟು ಹಸಿರು ನೀರು. ಇವರು ಆಗಾಗ ನನ್ನ ಬೆರಳನ್ನು ಒತ್ತುತ್ತಿದ್ದರು, ಬಂತಾ ಎಂದು. ಇಲ್ಲ ಎನ್ನಲು ಆ ಭಾಷೆಯಲ್ಲಿ ಏನೂ ಇಲ್ಲ, ನಾನು ಕೈ ಹಾಗೇ ಇಡುತ್ತಿದ್ದೆ. ಬಿಸಿಲು ಹಳದಿಯಾಯಿತು. ಮರದ ನೆರಳು ಉದ್ದವಾಗಿ ತೊಟ್ಟಿಯನ್ನು ದಾಟಿ ನಮ್ಮ ಕಂಬದ ಬುಡಕ್ಕೆ ಬಂತು.

"ಬೆಳಕು ಇಳೀತಾ ಉಂಟಾ?" ಎಂದರು, ಉಸಿರಿನಲ್ಲಿ.

"ಇಳೀತಾ ಉಂಟು," ಎಂದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ.

ಅವರು ಆ ಒಂದು ಕಣ್ಣನ್ನು ಒರೆಸಿಕೊಂಡು ಮತ್ತೆ ಮುಂದಕ್ಕೆ ನೆಟ್ಟರು. ಇನ್ನು ಸ್ವಲ್ಪ ಹೊತ್ತು, ಆಮೇಲೆ ಇವರ ಪಾಲಿಗೆ ರಾತ್ರಿ. ಪ್ರಾಣಿ ಬಂದು ಮಡಿಲಲ್ಲಿ ಕೂತರೂ ಕಾಣುವುದಿಲ್ಲ. ಏನೂ ಕಾಣದೆ ಮನೆಗೆ ಹೋದರೆ ಈ ಹಟಮಾರಿ ಆಪರೇಷನ್ನಿಗೆ ಕೂರುವವರಲ್ಲ. ನಾಳೆ ಬರುವ, ನಾಡಿದ್ದು ಬರುವ ಎನ್ನುತ್ತಾರೆ, ಅಷ್ಟರಲ್ಲಿ ಕಣ್ಣು ಮುಗಿಯುತ್ತದೆ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ, ಬಂತು.

ಸಿಟ್ಟಿನಲ್ಲಿ ಕೆಳಗೆ ನೋಡುತ್ತಾ ಇದ್ದೆ. ತೊಟ್ಟಿಯ ಸುತ್ತ ಗೊರಸಿನ ಗುರುತು ಬೇಕಾದಷ್ಟಿತ್ತು. ಟ್ಯಾಂಕರಿನ ಚಕ್ರದ ಗುರುತೂ ಇತ್ತು. ಗೊರಸೆಲ್ಲ ಬಿದ್ದಿರುವುದು ಚಕ್ರದ ಗುರುತಿನ ಮೇಲೆಯೇ, ಆ ಎರಡು ಗೆರೆಯನ್ನು ಹಿಡಿದುಕೊಂಡು, ದೂರದವರೆಗೆ. ಊರಿನಲ್ಲಿ ನಾನು ಅಕ್ಕಿಯ ಡಬ್ಬಿ ಅಲ್ಲಾಡಿಸಿದರೆ ಹಿತ್ತಲಿನ ಕೋಳಿಯೆಲ್ಲ ಕಾಲಿನ ಹಿಂದೆಯೇ ಬರುತ್ತಿದ್ದವು. ನನ್ನ ತಲೆಗೆ ಬಂದದ್ದು ಅದು. ಫೋನು ತೆಗೆದು ಟ್ಯಾಂಕರಿನವನಿಗೆ ಹಚ್ಚಿದೆ. ಗಟ್ಟಿಯಾಗಿಯೇ ಮಾತಾಡಿದೆ.

"ಎಲ್ಲಿದ್ದಿ?"

"ಇಲ್ಲೇ ರೋಡಿನ ಬದಿಯಲ್ಲಿ ಅಮ್ಮಾ, ಸುಲೈಮಾನಿ ಚಾ ಕುಡೀತಾ ಇದ್ದೇನೆ. ಬಂತಾ ಪ್ರಾಣಿ?"

"ಎಲ್ಲಿಂದ ಬರುದು? ನೀನು ದಿನಾ ನೀರು ಹಾಕುವಾಗ ಅವು ಎಲ್ಲಿರ್ತವೆ?"

"ನನ್ನ ಗಾಡಿಯ ಹಿಂದೆಯೇ ಬರ್ತವೆ. ನಾನು ಬಾರದೆ ಅವು ಎಂತಕ್ಕೆ ಬರುದು ಅಮ್ಮಾ, ನೀರು ನನ್ನ ಹತ್ರ ಅಲ್ವಾ?"

"ಅದನ್ನು ಮೊದಲೇ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿನಗೆ?"

"ಅಜ್ಜೇರು ಬರಬೇಡ ಹೇಳಿದ್ರಲ್ಲ! ದೊಡ್ಡವರಿಗೆ ಎದುರು ಮಾತಾಡುದಾ ನಾನು?"

"ಯಲ್ಲಾ, ಬಾ. ಓಡಿಸಿಕೊಂಡು ಬಾ. ಇವರಿಗೆ ಬೆಳಕು ಮುಗೀತಾ ಉಂಟು."

ಇವರ ಮುಖ ನೋಡಬೇಕಿತ್ತು. "ಹಾಳು ಮಾಡಿದೆ," ಎಂದರು. "ಲಾರಿ ಬಂದ್ರೆ ಒಂದು ಇಲಿ ಸಹ ಬರುದಿಲ್ಲ."

"ಇಷ್ಟು ಹೊತ್ತು ಯಾವ ಇಲಿ ಬಂತು?"

ಅವರು ಮುಖ ತಿರುಗಿಸಿದರು. ಅಷ್ಟರಲ್ಲಿ ಇಂಜಿನ್ ಸದ್ದು ಶುರುವಾಯಿತು. ಮೊದಲು ನೊಣದಷ್ಟು, ಆಮೇಲೆ ಜೋರಾಗಿ, ಗೇರ್ ಬದಲಿಸುವಾಗ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಹಾಗೆ. ಅಷ್ಟು ಸಾಲದು ಎಂದು ಅವನು ಎರಡು ಸಲ ಹಾರ್ನ್ ಬೇರೆ ಹೊಡೆದ. ನಮ್ಮವರು ಕಿವಿ ಮುಚ್ಚಿಕೊಂಡರು, ಯಾರದೋ ಸಾವಿನ ಸುದ್ದಿ ಕೇಳಿದವರ ಹಾಗೆ. ನೀಲಿ ಟ್ಯಾಂಕರ್ ತಗ್ಗಿಗೆ ಇಳಿದು ತೊಟ್ಟಿಯ ಆಚೆ ಬದಿಗೆ ನಿಂತಿತು. ಪೈಪು ತೊಟ್ಟಿಗೆ ಬಿತ್ತು. ಒಣ ಸಿಮೆಂಟಿನ ಮೇಲೆ ನೀರು ಬೀಳುವ ಸದ್ದು.

ನಾನು ಮೇಲೆ ನೋಡಿದೆ. ಮರಳಿನ ಗುಡ್ಡದ ಅಂಚಿನಲ್ಲಿ ಯಾರೋ ಉದ್ದ ಕಪ್ಪು ಕೋಲುಗಳನ್ನು ನೆಟ್ಟಿದ್ದರು. ಈಗ ತಾನೇ ಇರಲಿಲ್ಲ, ಈಗ ಇದೆ. ಕೋಲು ಜೋಡಿ ಜೋಡಿಯಾಗಿ ಮೇಲೆ ಬಂತು. ಕೋಲಿನ ಕೆಳಗೆ ಮುಖ ಬಂತು, ಮುಖದ ಕೆಳಗೆ ಬೆಳ್ಳಗೆ ಮೈ ಬಂತು.

ಒಂದು ಬೆರಳು ಒತ್ತಿದೆ. ಎಡಕ್ಕೆ ಜಾರಿಸಿದೆ.

ಅವು ಓಡಲಿಲ್ಲ. ಸಾಲಾಗಿ ಇಳಿದವು, ಒಂದರ ಹೆಜ್ಜೆಯಲ್ಲಿ ಒಂದು. ಅಂಥ ಬಿಳಿ ನಾನು ಕಂಡಿಲ್ಲ. ದನದ ಬಿಳಿಯಲ್ಲ, ಬಟ್ಟೆಯ ಬಿಳಿಯಲ್ಲ. ಇಳಿಬಿಸಿಲು ಮರಳನ್ನೆಲ್ಲ ಕೆಂಪು ಮಾಡಿತ್ತು, ಅವುಗಳನ್ನು ಮಾತ್ರ ಮುಟ್ಟಲು ಹೆದರಿದ ಹಾಗೆ ಬಿಟ್ಟಿತ್ತು. ಕಾಲು ಕಂದು, ಕೆಸರಿನಲ್ಲಿ ನಿಂತು ಬಂದ ಹಾಗೆ. ಮುಖದಲ್ಲಿ ಕಪ್ಪು ಪಟ್ಟೆ. ಕೊಂಬು ನೆಟ್ಟಗೆ, ಅವುಗಳ ಮೈಯ ಅರ್ಧ ಉದ್ದ. ಅಷ್ಟು ಉದ್ದದ್ದನ್ನು ತಲೆಯ ಮೇಲೆ ಹೊತ್ತೂ ಒಂದೂ ಇನ್ನೊಂದಕ್ಕೆ ತಾಗಿಸಲಿಲ್ಲ. ನಾನು ಎಣಿಸಿದೆ. ಒಂಬತ್ತು.

ಪೂರ್ತಿ ಪ್ರಾಣಿಯನ್ನು ನೋಡಿದ್ದು ಅವತ್ತೇ ಮೊದಲು. ಎಷ್ಟು ಹೆಗಲು ಕೊಯ್ದಿದ್ದೇನೆ, ಎಷ್ಟು ಎಲುಬು ಬೇಯಿಸಿದ್ದೇನೆ. ಆ ಹೆಗಲಿನ ಮೇಲೆ ಹೀಗೊಂದು ಕುತ್ತಿಗೆ ತಿರುಗುತ್ತದೆ, ನಡೆಯುವಾಗ ಚರ್ಮದ ಕೆಳಗೆ ಅದು ಹೀಗೆ ಅಲೆಯ ಹಾಗೆ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರು, ಇವರು ಹೇಳಿದ್ದರು. ನಾನು ಬಡಾಯಿ ಎಂದಿದ್ದೆ.

ಅವು ತೊಟ್ಟಿಗೆ ಬಾಯಿ ಹಾಕಿದವು. ಅಷ್ಟು ಬಾಯಿ ಒಟ್ಟಿಗೆ ನೀರು ಎಳೆಯುವ ಸದ್ದು ಇಂಜಿನ್ ಸದ್ದಿನ ನಡುವೆಯೂ ಕೇಳಿತು. ಟ್ಯಾಂಕರಿನವನು ಕ್ಯಾಬಿನ್ನಿನಲ್ಲಿ ಕಾಲು ಮೇಲೆ ಹಾಕಿ ಫೋನಿನಲ್ಲಿ ಹಾಡು ಕೇಳುತ್ತಿದ್ದ. ಅವುಗಳಿಗೆ ಹಾಡಿನ ಚಿಂತೆ ಇಲ್ಲ, ನನ್ನ ಮೈಯ ವಾಸನೆಯ ಚಿಂತೆಯೂ ಇಲ್ಲ.

ಇವರು ಮಾತ್ರ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಆ ಕೊಳವೆಯಂಥ ಕಣ್ಣಿಗೆ ಸಿಗುತ್ತಿರಲಿಲ್ಲ. ಬಿಳಿ ಮೈ, ಕೆಂಪು ಮರಳು, ಎರಡೂ ಒಂದೇ ಮಬ್ಬು ಅವರಿಗೆ. "ಎಲ್ಲಿ? ಎಲ್ಲಿ ಮಾರಾಯ್ತಿ?" ಮರಸಿನ ಕಾಯಿದೆಯನ್ನು ತಾವೇ ಮುರಿದರು. ನಾನು ಬೆರಳಿನಿಂದ ಒತ್ತಿ ಒತ್ತಿ ಹೇಳಿದೆ. ಎಡಕ್ಕೆ, ಇನ್ನೂ ಎಡಕ್ಕೆ, ಹೋಯಿತು, ಬಲಕ್ಕೆ ಬನ್ನಿ. ಬೆಳಕು ಇಳಿಯುತ್ತಲೇ ಇತ್ತು.

ಆಗ ಎಲ್ಲಕ್ಕಿಂತ ದೊಡ್ಡದೊಂದು ಸಾಲು ಬಿಟ್ಟು ತೊಟ್ಟಿಯನ್ನು ಸುತ್ತಿ ಟ್ಯಾಂಕರಿನ ಬದಿಗೆ ಹೋಯಿತು. ಪೈಪಿನಿಂದ ಬೀಳುವ ಹೊಸ ನೀರೇ ಬೇಕಿರಬೇಕು ಅದಕ್ಕೆ. ಬಗ್ಗಿ ಕುಡಿಯಿತು. ಮತ್ತೆ ತಲೆ ಎತ್ತಿತು. ಹಿಂದೆ ಆ ನೀಲಿ ಟ್ಯಾಂಕಿ, ಮುಂದೆ ಬಿಳಿ ಕುತ್ತಿಗೆ, ಮೇಲೆ ಎರಡು ಕೊಂಬು, 'ಇಲ್ಲಿ ನೋಡಿ' ಎಂದು ಗೆರೆ ಎಳೆದು ತೋರಿಸಿದ ಹಾಗೆ. ಬಾಯಿಯಿಂದ ನೀರು ಇಳಿಯುತ್ತಿತ್ತು, ಒಂದೊಂದು ಹನಿಯೂ ಬಿಸಿಲು ಹಿಡಿದು ಬೀಳುತ್ತಿತ್ತು. ಅದು ನೇರ ನಮ್ಮನ್ನು ನೋಡಿತು. ನಾವು ಅಲ್ಲಿದ್ದೇವೆಂದು ಅದಕ್ಕೆ ಮೊದಲಿನಿಂದಲೂ ಗೊತ್ತಿತ್ತು.

ನಾನು ಬೆರಳು ಒತ್ತುವುದನ್ನು ಮರೆತೆ. ಆಗ ನನ್ನ ಮೊಣಕಾಲಿನ ಮೇಲೆ ಏನೋ ಒತ್ತಿತು. ಎರಡು ಬೆರಳು.

ಇವರ ಬೆರಳು ಒತ್ತಿಯೇ ಇತ್ತು, ನೋವಾಗುವಷ್ಟು. ನಾನು ಅಲುಗಾಡಲಿಲ್ಲ. ಆ ಪ್ರಾಣಿ ಎಷ್ಟು ಹೊತ್ತು ಹಾಗೆ ನಿಂತಿತು ಎಂದು ಕೇಳಿದರೆ ಹೇಳಲಾರೆ. ಆಮೇಲೆ ಅದು ತಿರುಗಿತು, ಹಿಂದಿನ ಅರ್ಧ ಮರಳಿನಲ್ಲಿ ಕರಗಿ ಇವರ ಕಣ್ಣಿನಿಂದ ಹೋಯಿತು. ಬೆರಳು ಸಡಿಲವಾಯಿತು.

ಒಂಬತ್ತರಲ್ಲಿ ಕೊನೆಯದು ಗಾಫ್ ಮರದ ಹತ್ತಿರ ನಿಂತು ಕಾದು, ಉಳಿದವು ಸರಿದ ಮೇಲೆ ತೊಟ್ಟಿಗೆ ಬಂತು. ಅದರ ಹೊಟ್ಟೆಯ ಕೆಳಗೆ ನಾಲ್ಕು ಕಾಲು ಹೆಚ್ಚಿಗೆ ಕಂಡಿತು. ನಾನು ಅಂಗೈಯನ್ನು ಪೂರ್ತಿ ಇವರ ಮೊಣಕಾಲಿನ ಮೇಲಿಟ್ಟೆ.

"ಮರಿಯಾ?"

"ಹೂಂ. ಬೆಲ್ಲದ ಬಣ್ಣ. ಕೊಂಬು ಇನ್ನೂ ಇಲ್ಲ."

"ಕುಡೀತಾ ಉಂಟಾ?"

"ತಾಯಿಯದ್ದು ಕುಡೀತಾ ಉಂಟು. ತಾಯಿ ನೀರು ಕುಡೀತಾ ಉಂಟು."

ಇವರು ಹೂಂಗುಟ್ಟಿದರು. ನಾನು ಮೆಣಸು ಅರೆಯುವಾಗ ಹೂಂಗುಟ್ಟುತ್ತಿದ್ದೆನಲ್ಲ, ಹಾಗಲ್ಲ. ನಿಜವಾಗಿ.

ಮರಿಯನ್ನು ಸೇರಿಸಿಯೇ ಒಂಬತ್ತೋ, ಬಿಟ್ಟು ಒಂಬತ್ತೋ ಎಂದು ಅಳಿಯ ಆಮೇಲೆ ವಕೀಲನ ಹಾಗೆ ಕೇಳಿದ. ಮರಿಗೆ ಪಾಲಿಲ್ಲ, ಅದನ್ನು ಎಣಿಸುವ ಕ್ರಮವೂ ಇಲ್ಲ ಎಂದೆ.

ನೀರು ತುಂಬಿತು, ಪೈಪು ಮೇಲೆ ಹೋಯಿತು. ಅವು ಬಂದ ಹಾಗೆಯೇ ಗುಡ್ಡ ಹತ್ತಿದವು. ಮೈ ಹೋಯಿತು, ಮುಖ ಹೋಯಿತು, ಸ್ವಲ್ಪ ಹೊತ್ತು ಕೊಂಬು ಮಾತ್ರ ಉಳಿಯಿತು. ಆಮೇಲೆ ಬರೀ ಗುಡ್ಡ.

ಟ್ಯಾಂಕರಿನವನು ಇವರನ್ನು ಏಣಿಯಿಂದ ಇಳಿಸಿದ. "ಹೇಗೆ ಅಜ್ಜೇರೆ, ನನ್ನ ಲಾರಿಗೆ ಇಲಿ ಬಂತಾ?" ಎಂದ. ನಾನು ಫೋನು ಕಟ್ ಮಾಡಲು ಮರೆತದ್ದಿರಬೇಕು, ಎಲ್ಲ ಕೇಳಿಸಿದೆ ಅವನಿಗೆ.

ಇವರು ಅವನ ಹೆಗಲು ಹುಡುಕಿ ಹಿಡಿದುಕೊಂಡರು. "ನೀರು ನಿನ್ನದು. ನೀರಿನ ಪಾಲು ನಿನಗೆ ಬರ್ತದೆ."

"ಯಾವ ಪಾಲು? ಎಲ್ಲ ನಡ್ಕೊಂಡು ಹೋದವಲ್ಲ!"

"ಬರ್ತದೆ ಹೇಳಿದ್ದು," ಎಂದರು ಇವರು.

ಕಾರು ದೊಡ್ಡ ರಸ್ತೆಗೆ ಬಂತು. ದೀಪದ ಕಂಬಗಳು ಶುರುವಾದ ಮೇಲೆ ಇವರೇ ಬಾಯಿ ತೆರೆದರು.

"ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಮಗಾ?"

ಮಗಳು ಸ್ಟಿಯರಿಂಗನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. "ಹೌದಪ್ಪಾ."

"ಚಾ ಸಹ ಇಲ್ವಾ?"

"ಕೇಳಿ ಹೇಳ್ತೇನೆ ಅಪ್ಪಾ."

"ಕೇಳು. ಚಾ ಇಲ್ಲದಿದ್ರೆ ಕಷ್ಟ."

ಮರುದಿನ ಬೆಳಿಗ್ಗೆ ನಾನು ಮಗಳನ್ನು ಎಬ್ಬಿಸಿಕೊಂಡು ಕಟ್ಟಡದ ಹಿಂದಿನ ಮಾಂಸದಂಗಡಿಗೆ ಹೋದೆ. ಅಂಗಡಿಯ ಪಠಾಣ ಸಣ್ಣ ತುಂಡು ಮಾಡಲಾ ಎಂದು ಕೇಳಿದ. ಬೇಡ, ಮುಂಗಾಲು ಹೆಗಲಿನ ಸಮೇತ ಇಡೀ ಕೊಡು, ನಾನೇ ನೋಡಿಕೊಳ್ಳುತ್ತೇನೆ ಎಂದೆ. "ಅಮ್ಮಾ, ಇದು ಅಂಗಡಿಯ ಆಡು, ಇದಕ್ಕೆಂಥ ಪಾಲು?" ಎಂದು ಮಗಳು ದಾರಿಯಿಡೀ ನಗಾಡಿದಳು. ಅಡಿಗೆಮನೆಯ ನೆಲದಲ್ಲಿ ಪೇಪರ್ ಹಾಸಿ ಕೂತೆ. ಕೋವಿಯ ಪಾಲು ಹಾಕಲಿಲ್ಲ, ಕೋವಿಯೇ ಇರಲಿಲ್ಲವಲ್ಲ. ನೀರಿನ ಪಾಲನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ತುಂಬಿಸಿ, ಸಂಜೆ ಮುಸಫ್ಫಾಕ್ಕೆ ಹೋಗುವ ಅಳಿಯನ ಕೈಯಲ್ಲಿ ಟ್ಯಾಂಕರಿನವನಿಗೆ ಕಳಿಸಲು, ಫ್ರಿಜ್ಜಿನಲ್ಲಿಡು ಎಂದು ಮಗಳಿಗೆ ಕೊಟ್ಟೆ. ಉಳಿದದ್ದು ಹೆಗಲು.

ಇವರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಕಣ್ಣಿನ ಪಾಲು ಯಾರಿಗೆ?"

"ನನಗೆ. ಮತ್ತೆ ಯಾರಿಗೆ?"

"ಒಂದನ್ನು ನಾನೂ ಕಂಡೆನಲ್ಲ."

"ಅರ್ಧ ಕಂಡ್ರಿ."

ಅವರು ಅಲ್ಲೇ ನಿಂತರು. ನಾನು ಹೆಗಲಿನ ತುಂಡನ್ನು ಪೇಪರಿನ ನಡುವಿಗೆ ಎಳೆದು ಎರಡು ಮಾಡಿದೆ. ದೊಡ್ಡದನ್ನು ನನಗಿಟ್ಟುಕೊಂಡು, ಎದ್ದು ಒಲೆ ಹಚ್ಚಿದೆ.